ದಂಡದ ಡಬ್ಬಿ

ಶನಿವಾರ ಹತ್ತಕ್ಕೆ ಬೀಗ ತೆಗೆಯುವವಳು ನಾನು, ನಜಿಬ್ರೋಲಾ.
ಕುತಾಯಿಸಿಯ ಇದೇ ಗಿರಣಿಯಲ್ಲಿ, ಇದು ಗಿರಣಿಯಾಗಿದ್ದಾಗ,
ಇಪ್ಪತ್ತೆರಡು ವರ್ಷ ರೇಷ್ಮೆ ಬಿಚ್ಚಿದೆ.
ಬಿಸಿನೀರಲ್ಲಿ ಗೂಡಿನ ತುದಿ ತಡಕಿ ತಡಕಿ
ಬೆರಳಿನ ಗೆರೆಗಳೆಲ್ಲ ಸವೆದವು.
ಪಿಂಚಣಿ ಕಚೇರಿಯ ಯಂತ್ರ ಮೂರು ಸಲ ಒತ್ತಿಸಿಕೊಂಡು
ಇವಳು ಯಾರೂ ಅಲ್ಲ ಎಂದಿತು.
ಈಗ ಬೀಗದ ಕೈ ನನ್ನದು, ಬಕೆಟ್ಟು ನನ್ನದು,
ಯಾರೇ ಚೆಲ್ಲಲಿ, ಚೆಲ್ಲಿದ್ದೆಲ್ಲ ನನ್ನದು.

ಚಿತ್ರದ ಕಾರ್ಯಾಗಾರ ನಡೆಸುವ ತಾಮ್ತಾ
ಕುರ್ಚಿಗಳನ್ನೆಲ್ಲ ಅಂಗಳಕ್ಕೆ ಹಾಕಿಸಿದ್ದಾಳೆ.
ಮಕ್ಕಳನ್ನು ಒಳಗೆ ಬಿಟ್ಟು ಫೋನು ತೀಡುತ್ತ ಕೂರಲು
ಹಲ್ಲಿನ ಡಾಕ್ಟರ ಪಡಸಾಲೆಯಲ್ಲವಂತೆ ಇದು.
ಬಂದವರೆಲ್ಲ ಏಪ್ರನ್ ಕಟ್ಟಬೇಕು.
ಬಣ್ಣವೂ ಅಂಗಡಿಯದಲ್ಲ:
ಅಕ್ರೋಟಿನ ಹಸಿ ಸಿಪ್ಪೆ ಕುದಿಸಿದ ಕಂದು,
ಅದಕ್ಕೇ ತುಕ್ಕು ಮೊಳೆ ನೆನೆಹಾಕಿದರೆ ಕಪ್ಪು,
ಬೀಟ್‌ರೂಟಿನ ಕೆಂಪು (ಅದು ಮಾತಿಗೆ ನಿಲ್ಲದ್ದು, ವಾರದಲ್ಲಿ ಕಂದುತ್ತದೆ).
ಕುಂಚಗಳೋ, ಎರಡು ಮಾರುದ್ದದ ಕೋಲಿಗೆ ಕಟ್ಟಿದವು.
ನಿಯಮ ಒಂದೇ:
'ಇದೇನು?' ಎಂದು ಯಾರೂ ಯಾರನ್ನೂ ಕೇಳಕೂಡದು.
ಕೇಳಿದವರು ಬಾಗಿಲ ಬಳಿಯ ಡಬ್ಬಿಗೆ
ಒಂದು ಅಕ್ರೋಟು ಹಾಕಬೇಕು.

ಮಕ್ಕಳು ತಾ ಮುಂದು ನಾ ಮುಂದು.
ದೊಡ್ಡವರು, ಪಾಪ,
ಮುಟ್ಟಿದರೆ ಮುನಿಯ ಎಲೆಯಂತೆ ಬೆರಳು ಮಡಚಿದರು.
ಓತಿಯಾ, ಜಮೀನಿನ ಪತ್ರಗಳಿಗೆ ಮೊಹರು ಹಾಕುವ ಓತಿಯಾ,
ಕೋಲು ಹಿಡಿದವನೇ ರಬ್ಬರು ಕೇಳಿದ.
ಮೊಮ್ಮಗಳ ಹಾಳೆಗೆ ಬಗ್ಗಿ, 'ಇದು ಕುದುರೆಯಾ?'
ಕೂಡಲೇ ನ್ಯಾಯಪಂಚಾಯಿತಿ.
ನಾನು ಕೇಳಿದ್ದು ಬೇರೆ ಪ್ರಶ್ನೆ, ಎಂದ ಓತಿಯಾ.
ಮಕ್ಕಳು ಪಿಸುಗುಟ್ಟಿ ತೀರ್ಪು ಕೊಟ್ಟರು:
ಅದೇ ಪ್ರಶ್ನೆ, ಜೊತೆಗೆ ತಪ್ಪು ಉತ್ತರ. ಎರಡು ಅಕ್ರೋಟು.

ಮಧ್ಯಾಹ್ನ ದಾರದ ಆಟ.
ಮಸಿಯಲ್ಲದ್ದಿದ ದಾರ ಹಾಳೆಯ ಮೇಲೆ ಸುತ್ತಿಟ್ಟು
ಮೇಲೊಂದು ಹಾಳೆ ಮುಚ್ಚಿ, ಅಂಗೈ ಒತ್ತಿ, ಎಳೆಯಬೇಕು.
ಬಿಗಿಯಾದರೆ ಕಡಿಯಿತು. ಸಡಿಲವಾದರೆ ಬರೀ ರಾಡಿ.
ಏಳು ವರ್ಷದ ವಾಚೆ ನಾಲ್ಕು ದಾರ ಕಡಿದು
ಐದನೆಯದಕ್ಕೆ ಮೂಗು ಒರೆಸಿಕೊಳ್ಳುತ್ತಿದ್ದ.
ನನ್ನ ಕೈ ನನ್ನನ್ನು ಕೇಳದೆ ಬಕೆಟ್ಟು ಕೆಳಗಿಟ್ಟಿತು.
ಕಡಿಯುವ ಮೊದಲು ದಾರ ಒಂದು ಸಲ
ಮಾತು ತಡೆದವರ ಹಾಗೆ ಬಿಗಿಯುತ್ತದೆ,
ಆಗ ಬಿಡಬೇಕು, ಕೂದಲೆಳೆಯಷ್ಟು, ಮತ್ತೆ ಎಳೆಯಬೇಕು.
ಇದನ್ನು ಬಾಯಲ್ಲಿ ಹೇಳಲು ನನಗೆ ಬಾರದು.
ಅವನ ಕೈಮೇಲೆ ಕೈಯಿಟ್ಟು ಎಳೆದೆ.
ಹಾಳೆ ತೆರೆದಾಗ—
ಬೇಡ, ಏನೆಂದರೂ ದಂಡ ಬಿದ್ದೀತು.
ಮಡಿಕೆ ಮಡಿಕೆಯಾಗಿ ಕಪ್ಪು. ಅಷ್ಟೆ.

ಸಹಿ ಹಾಕಿ ಎಂದಳು ತಾಮ್ತಾ.
ವಾಚೆ ತನ್ನ ಹೆಸರು ಬರೆದ, ಒಂದಕ್ಷರ ಹಿಂದುಮುಂದಾಗಿ.
ನಾನು ಹೆಬ್ಬೆಟ್ಟು ಅದ್ದಿ ಒತ್ತಿದೆ.
ನೇರಳೆ ಹಣ್ಣಿನಷ್ಟು ನುಣುಪಾದ ಕಪ್ಪು, ಒಂದೂ ಗೆರೆಯಿಲ್ಲ.
ಹುಡುಗ ಬಾಯಿ ತೆರೆದ, ಡಬ್ಬಿಯತ್ತ ನೋಡಿದ, ಮುಚ್ಚಿದ.
ನನ್ನ ಹೆಬ್ಬೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ.
ಆಮೇಲೆ ಗೋಡೆಯ ಇಟ್ಟಿಗೆಗೆ
ತನ್ನ ಬೆರಳನ್ನು ಉಜ್ಜತೊಡಗಿದ,
ಅಂಥದೇ ಬೇಕೆಂದು.
ಅವನಮ್ಮ ಓಡಿಬಂದಳು.

ಐದಕ್ಕೆ ಎಲ್ಲರೂ ಹೋದರು.
ಓತಿಯಾ ಕೊನೆಗೆ, ಒಂಬತ್ತು ಅಕ್ರೋಟಿನ ಬಡವ,
ಅಂಗಿಯ ತೋಳಿಗೆ ಅಂಟಿದ ಕೆಂಪನ್ನು ಮಡಚಿ ಮುಚ್ಚಿಕೊಂಡು.

ಕೋಲುಬಟ್ಟೆ ಎಳೆದೆ.
ಕಂದು, ಕಪ್ಪು, ಇನ್ನೂ ಕಂದದ ಕೆಂಪು
ನೀರಲ್ಲಿ ಕೂಡಿ ಕಿಟಕಿಯ ಬೆಳಕಿನವರೆಗೆ ಹರಿದವು.
ಸೊಂಟ ಹಿಡಿದು ಬಗ್ಗಿ ನೋಡಿದೆ.
ಇದೇನು, ಎಂದೆ, ಗಟ್ಟಿಯಾಗಿಯೇ.
ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.
ಏಪ್ರನ್ನಿನ ಜೇಬಲ್ಲಿ ಅಕ್ರೋಟೂ ಇರಲಿಲ್ಲ.
ಬರುವ ಶನಿವಾರಕ್ಕೆ ನನ್ನದೊಂದು ಬಾಕಿ.