ಎಣಿಕೆಗೆ ಬಾರದ ದೀಪ

ಮರಿತ್ಸಾ ನದಿಯಾಚೆ, ಊರು ಮುಗಿದ ಮೇಲೂ ಇರುವ ಕೇರಿಯಲ್ಲಿ
ಮೀಟರುಗಳು ಬಾಗಿಲ ಬಳಿ ಇಲ್ಲ.
ಐದಾಳೆತ್ತರದ ಕಂಬದ ತುದಿಗೆ
ಗಾಜಿನ ಕಿಂಡಿಯ ಪೆಟ್ಟಿಗೆಯೊಳಗೆ, ಕಾಗೆಗೂಡಿನ ಪಕ್ಕ.
ಕೈಗೆಟುಕಿದರೆ ಕದಿಯುತ್ತಾರೆಂದು ಕಂಪನಿ ಹಾಗೆ ಮಾಡಿತು.
ಕಂಪನಿ ಎಂದರೆ ನಾನೂ ಹೌದು. ಏಣಿಯ ಲಾರಿ ನನ್ನದು.

ಸೆವ್ದಾ ಅಜ್ಜಿ ದೂರು ಕೊಟ್ಟದ್ದು ಜನವರಿಯಲ್ಲಿ:
"ರಾತ್ರಿಯೆಲ್ಲ ಬಾಲ್ಕನಿಯಿಂದ ನೋಡಿದೆ.
ಎಲ್ಲರ ಕೆಂಪು ಚುಕ್ಕಿ ಮಿಣುಕುತ್ತದೆ, ನನ್ನದು ಸತ್ತಿದೆ.
ಬಂದು ನೋಡಿ. ಆಮೇಲೆ ನನ್ನನ್ನು ಕಳ್ಳಿ ಅನ್ನಬೇಡಿ."

ಇಪ್ಪತ್ತೊಂದು ವರ್ಷದಲ್ಲಿ ಇಂಥ ದೂರು ಇದೇ ಮೊದಲು.
ಸ್ಟಾಮೆನ್ ಕಾಗದವನ್ನು ಎರಡು ಸಲ ಓದಿ ನಕ್ಕ.

ಇಳಿಸಿ ತಂದೆ. ಸೀಲು ಒಡೆಯುವ ಹೊತ್ತಿಗೆ
ಅವಳೂ ಬಂದು ಕೂತಳು, ಮಡಿಲಲ್ಲಿ ಕೈಚೀಲ.
"ಒಳಗೇನಿದೆ, ತೋರಿಸು."

ಇಗೋ, ಈ ಕಂದು ಪಟ್ಟಿ, ಬೆರಳಿನಷ್ಟೂ ಅಗಲವಿಲ್ಲ.
ನಿಮ್ಮ ಮನೆಯ ಕರೆಂಟೆಲ್ಲ ಇದನ್ನು ದಾಟಿಯೇ ಹೋಗಬೇಕು.
ದಾಟುವಾಗ ಚೂರೇ ಚೂರು ತಡವರಿಸುತ್ತದೆ;
ಆ ತಡವರಿಕೆಯನ್ನು, ವೋಲ್ಟಿನ ಸಾವಿರದಲ್ಲೊಂದು ಪಾಲನ್ನು,
ಎಳೆಯಂಥ ಎರಡು ತಂತಿ ಹಿಡಿದು ಒಯ್ಯುತ್ತವೆ.

ಇತ್ತ ಅಕ್ಕಿಕಾಳಿನಂಥ ಪ್ರತಿರೋಧಕಗಳ ಸಾಲು:
ಇನ್ನೂರ ಮೂವತ್ತು ವೋಲ್ಟು ಮೆಟ್ಟಿಲು ಮೆಟ್ಟಿಲಿಗೂ ಬಡವಾಗುತ್ತ
ಕೊನೆಗೆ ಕಾಲು ವೋಲ್ಟಾಗಿ ಚಿಪ್ಪಿನ ಬಾಗಿಲು ತಟ್ಟುತ್ತದೆ.

ಚಿಪ್ಪಿಗೆ ಒಂದೇ ಕೆಲಸ. ಸೆಕೆಂಡಿಗೆ ಸಾವಿರಾರು ಸಲ
ಎರಡನ್ನೂ ಅಳೆದು, ಗುಣಿಸಿ, ಕೂಡಿಡುವುದು.
ಅಲೆ ಸೊನ್ನೆಯ ಕೆಳಗಿಳಿದಾಗ ಎರಡೂ ಋಣ.
ಋಣವನ್ನು ಋಣದಿಂದ ಗುಣಿಸಿದರೆ ಧನ.
"ಯಾರ ಧನ?" ಅಂದಳು ಸೆವ್ದಾ.
ನಾನು ಹರಳು ತೋರಿಸತೊಡಗಿದೆ:
ಇದರೊಳಗೊಂದು ಪುಟ್ಟ ಕವೆ, ನಡುಗುತ್ತಲೇ ಹೊತ್ತು ಹೇಳುತ್ತದೆ.
ಇದು ಎಂಟು ಕಾಲಿನ ಕರಿ ಜೀರುಂಡೆ,
ಕರೆಂಟು ಹೋದರೂ ಲೆಕ್ಕ ಮರೆಯದು.

ಅವಳು ಕನ್ನಡಕ ಮೇಲೆತ್ತಿ ಹಲಗೆಯ ಬೆನ್ನು ತಿರುವಿದಳು,
ಬೆಸುಗೆಯ ಹನಿಗಳ ಮೇಲೆ ಉಗುರಾಡಿಸಿದಳು.
"ತವರ. ನನ್ನ ಗಂಡ ನಲವತ್ತು ವರ್ಷ
ಊರೂರಿನ ತಾಮ್ರಕ್ಕೆ ಕಲಾಯಿ ಹಾಕಿದ,
ನವಸಾಗರದ ಹೊಗೆ ಕುಡಿದೇ ಸತ್ತ.
ಇದು ಒಳ್ಳೆ ಕೈ. ಇದೊಂದು ಮಾತ್ರ ಬಿಸಿ ಸಾಲದೆ ಕೂತಿದೆ."
ಭೂತಗನ್ನಡಿ ಹಿಡಿದೆ. ನಿಜ.
ಬಿರುಕಿರಲಿಲ್ಲ, ಹೊಳಪೂ ಇರಲಿಲ್ಲ.
ಕಾದ ಕಡ್ಡಿ ಮುಟ್ಟಿಸಿದೆ. ತಲೆದೂಗಿದಳು.

ಪರೀಕ್ಷೆಯ ಮೇಜಿಗೇರಿಸಿದರೆ ಕೆಂಪು ಚುಕ್ಕಿ ಕುಣಿಯಿತು,
ಯೂನಿಟಿಗೆ ಸರಿಯಾಗಿ ಸಾವಿರದ ಆರುನೂರು ಮಿಣುಕು.
"ಒಂದು ಕಾಫಿಗೆ ಎಷ್ಟು?"
ಲೆಕ್ಕ ಹಾಕಿದೆ: ಇಪ್ಪತ್ತೆರಡು.
"ರಾತ್ರಿ ಏನೇನು ಹಚ್ಚುತ್ತೀರಿ?"
"ಏನಿದೆ ಹಚ್ಚೋಕೆ! ಫ್ರಿಜ್ಜಿನ ಪ್ಲಗ್ಗು ಕೀಳುತ್ತೇನೆ, ಹೊರಗೇ ಹಿಮವಿದೆ.
ಹೆಬ್ಬೆರಳಿನಷ್ಟು ದೀಪ. ಮೂರು ವ್ಯಾಟು."

ಆಗ ಹೇಳಲೇಬೇಕಾಯಿತು:
ಇದಕ್ಕೊಂದು ಹೊಸ್ತಿಲಿದೆ, ಇಪ್ಪತ್ತು ಮಿಲಿಯಾಂಪಿಯರು.
ಅದರ ಕೆಳಗೆ ಬಂದದ್ದು ಹರಿವೋ ತನ್ನದೇ ಉಸಿರಿನ ಸದ್ದೋ
ಚಿಪ್ಪಿಗೆ ಖಾತ್ರಿಯಿಲ್ಲ. ಖಾತ್ರಿಯಿಲ್ಲದ್ದನ್ನು
ಸೊನ್ನೆಯೆಂದೇ ಬರೆ ಅಂತ ಅದಕ್ಕೆ ಕಲಿಸಿದ್ದಾರೆ.

ತುಂಬ ಹೊತ್ತು ಸುಮ್ಮನಿದ್ದಳು.
"ಹಾಗಾದರೆ ನಾನು ಕದಿಯುತ್ತಿದ್ದೆನೇ?"
"ಇಲ್ಲ."
"ನೀವು ಕೊಡುತ್ತಿದ್ದಿರೇ?"
"ಅದೂ ಇಲ್ಲ."
ಈ ಎರಡರ ನಡುವೆ ನಮ್ಮ ಫಾರಂನಲ್ಲಿ ಖಾನೆಯಿಲ್ಲ.
ದೋಷವಿಲ್ಲ ಎಂದು ಬರೆದು ಸಹಿ ಹಾಕಿದೆ.

ಮರುದಿನ ಮುಸ್ಸಂಜೆ, ಕಂಬದ ತುದಿಯಲ್ಲಿ
ಕೊನೆಯ ಸ್ಕ್ರೂ ಬಿಗಿಯುವಾಗ ಚುಕ್ಕಿ ಮಿಣುಕತೊಡಗಿತು.
ಬೆರಳು ಮರಗಟ್ಟಿತ್ತು. ಸುಮ್ಮನೆ ಎಣಿಸಿದೆ.
ಇಪ್ಪತ್ತೆರಡಕ್ಕೆ ನಿಲ್ಲಲಿಲ್ಲ.
ನಲವತ್ತನಾಲ್ಕಕ್ಕೆ ನಿಂತಿತು.
ಕೆಳಗೆ ಅವಳ ಬಾಗಿಲು ತೆರೆದಿತ್ತು.