ಬಿನ್ನವತ್ತಳೆಯಲ್ಲಿ ಬಿಟ್ಟುಹೋದದ್ದು

ಸಂಘದವರು ನನಗೆ ಕೊಟ್ಟದ್ದು ಅರ್ಧ ಹಾಳೆ.
ಚೌಕಟ್ಟಿನ ಅಳತೆಯೇ ಅಷ್ಟು, ಇನ್ನಾಸಪ್ಪನವರೇ.
ಅಂಚಿಗೆ ಬಳ್ಳಿ, ಮೇಲೊಂದು ವೀಣೆ.
ನೀವು ವೀಣೆ ಮುಟ್ಟಿದವರೇ ಅಲ್ಲ.
‘ಸ್ವರಸೇವಾಧುರೀಣ’ ಎಂದು ಬರೆದೆ. ಕ್ಷಮಿಸಿ.

ಬರೆಯುವ ಮೊದಲು ಪೆನ್ಷನ್ ಮೊಹಲ್ಲಾದ
ನಿಮ್ಮ ಮನೆಗೆ ಬಂದಿದ್ದೆ.
ಜಗಲಿಯಲ್ಲಿ ಹೊಟ್ಟೆ ಬಿಚ್ಚಿಕೊಂಡ ಯಾರದೋ ಹಾರ್ಮೋನಿಯಂ,
ತಿದಿಯೊಳಗೆ ಜಿರಲೆ ಮೊಟ್ಟೆ.
ಸೀಗೇಪುಡಿ ಡಬ್ಬಿಯಿಂದ ಒಂದೊಂದೇ ರೀಡು ತೆಗೆದು
ಊದಿ, ಕಿವಿಗೆ ಹಿಡಿದು, ಬೇಡವೆಂದು ತಲೆಯಾಡಿಸುತ್ತಿದ್ದಿರಿ.
‘ದೊಡ್ಡವರ ಬಗ್ಗೆ ಹೇಳಿ’ ಎಂದರೆ
‘ಮೊಸರನ್ನಕ್ಕೆ ಅವರಿಗೆ ಮಾವಿನ ಮಿಡಿ ಬೇಕು,
ಸಕಲೇಶಪುರದ ಕಡೆಯದು. ನಾನೇ ಒಯ್ಯುತ್ತಿದ್ದೆ.’
ಅದನ್ನು ಹೇಗೆ ಬರೆಯಲಿ?

ಮೂವತ್ತೊಂದು ವರ್ಷ.
ಕೋಡಂಬಾಕದ ಸ್ಟುಡಿಯೋ, ಗೋಣಿ ಹೊದ್ದ ಗೋಡೆ.
ಅವರು ಕಣ್ಣು ಮುಚ್ಚಿ ಗುನುಗುವುದು,
ನೀವು ಮೊಣಕಾಲ ಮೇಲೆ ಹಾಳೆಯಿಟ್ಟು ಹಿಡಿಯುವುದು.
ಐದು ಗೆರೆಯ ಬರಹ ನಿಮಗೆ ಕಲಿಸಿದ ಪಾದ್ರಿಯ
ಆರ್ಗನ್ನು ಇದ್ದ ಜಾಗದಲ್ಲೀಗ
ಹೇಮಾವತಿಯ ಹಿನ್ನೀರು, ಮೀನು.
ಒಬ್ಬರ ಗುನುಗನ್ನು ಇಪ್ಪತ್ತು ಪಿಟೀಲಿಗೆ, ನಾಲ್ಕು ಕೊಳಲಿಗೆ
ಹಂಚಿ ಮುಗಿಸುವಷ್ಟರಲ್ಲಿ ಕೋಳಿ ಕೂಗುತ್ತಿತ್ತು.
ಬೆರಳ ತುಂಬ ಮಸಿ, ಆ ಬೆರಳಲ್ಲೇ ಇಡ್ಲಿ.

ಒಮ್ಮೆ...
ಇದನ್ನು ಹೇಳುವಾಗ ಬಾಗಿಲ ಕಡೆ ನೋಡಿದಿರಿ,
ಅವರು ತೀರಿ ಹನ್ನೆರಡು ವರ್ಷವಾಗಿದ್ದರೂ.
ಚರಣದ ಕೊನೆಗೆ, ಅವರು ಗುನುಗದ ಒಂದು ವಿರಾಮ,
ಎರಡು ಮಾತ್ರೆಯದು, ನೀವೇ ಹಾಕಿದಿರಿ.
‘ಹಾಡೋ ಹೆಣ್ಣುಮಗಳು ಉಸಿರು ತಗೋಬೇಕಲ್ಲ ಸ್ವಾಮಿ!’
ರೆಕಾರ್ಡಿಂಗಿನಲ್ಲಿ ಆ ಜಾಗ ಬಂತು.
ಎಲ್ಲ ಕಮಾನುಗಳೂ ತಂತಿ ಬಿಟ್ಟೆದ್ದವು.
ಗಾಜಿನಾಚೆ ಅವರು ಕಣ್ಣು ತೆರೆದರು,
ನಿಮ್ಮತ್ತ ನೋಡಿದರು,
ಏನೂ ಅನ್ನಲಿಲ್ಲ.
ಆ ತಿಂಗಳ ಮಿಡಿ ಉಪ್ಪಿನಕಾಯಿಗೆ ಮಾತ್ರ
ಎಣಿಸಿ ದುಡ್ಡು ಕೊಟ್ಟರು, ಅದೇ ಮೊದಲ ಸಲ.
ಮೆಚ್ಚಿಗೆಯೋ ಮುನಿಸೋ
ಇವತ್ತಿಗೂ ತಿಳಿದಿಲ್ಲವಂತೆ ನಿಮಗೆ.

ಆ ಹಾಡು ನನಗೆ ಬಾಯಿಪಾಠ. ಹಾಸನದಲ್ಲಿ ಯಾರಿಗಿಲ್ಲ?
ಕಟ್ಟಿನಕೆರೆ ಮಾರ್ಕೆಟ್ಟಿನ ಸೊಪ್ಪಿನವಳಿಗೂ ಬರುತ್ತದೆ,
ಅರಸೀಕೆರೆ ಬಸ್ಸಿನ ಕಂಡಕ್ಟರಿಗೂ.
ಆ ಎರಡು ಮಾತ್ರೆಯಲ್ಲಿ ನಾವೆಲ್ಲ ನಿಂತಿದ್ದೇವೆ,
ಕತ್ತರಿಸಿದ ದಂಟು ಕೈಯಲ್ಲೇ, ಹರಿದ ಟಿಕೇಟು ಕೈಯಲ್ಲೇ,
ನಿಲ್ಲಿಸಿದವರು ಯಾರೆಂದು ಕೇಳದೆ.

ಇವತ್ತು ಶಾಲು ಹೊದಿಸಿದರು.
ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು.
ಸ್ಮರಣಿಕೆಯಲ್ಲಿ ‘ಇನ್ನಾಸಯ್ಯ’ ಎಂದಿತ್ತು.
ಮೈಕು ಕಿರುಚಿದಾಗ ಪಕ್ಕದವರ ಕಿವಿಯಲ್ಲಿ
‘ಕಾಕಲಿ ನಿಷಾದ, ಸ್ವಲ್ಪ ಇಳಿದಿದೆ’ ಎಂದಿರಂತೆ.
ಮುಖ್ಯ ಅತಿಥಿ ನಲವತ್ತು ನಿಮಿಷ ಮಾತಾಡಿದ್ದು
ದೊಡ್ಡವರ ಬಗ್ಗೆಯೇ.

ಆಮೇಲೆ ನಾನೆದ್ದು ಬಿನ್ನವತ್ತಳೆ ಓದಿದೆ.
ಮೂರನೇ ಸಾಲು ಮುಗಿದ ಮೇಲೆ
ಏನೂ ಬರೆದಿರದ ಜಾಗದಲ್ಲಿ
ಎರಡು ಮಾತ್ರೆ ಸುಮ್ಮನೆ ನಿಂತೆ.
ಸಾಲು ತಪ್ಪಿತೆಂದುಕೊಂಡು ಕಾರ್ಯದರ್ಶಿ ಕೆಮ್ಮಿದ.
ಹಣ್ಣಿನ ಬುಟ್ಟಿಯ ಮರೆಯಲ್ಲಿ, ತೊಡೆಯ ಮೇಲೆ,
ನಿಮ್ಮ ಬೆರಳು ಮಾತ್ರ ಎಣಿಸುತ್ತಿತ್ತು.

ಕೆಳಗಿಳಿದು, ಚಪ್ಪಲಿ ಹುಡುಕುತ್ತ ಅಂದಿರಿ:
‘ಒಂದೂವರೆ ಆಯ್ತು. ಅವಸರ ಮಾಡಿದಿರಿ.’