ಬೋಧಕೇತರ

ವಿರಾಜಪೇಟೆಯ ನಮ್ಮ ಕಾಲೇಜಿನ ಹಳೇ ಜಾಲತಾಣ
ಶುಕ್ರವಾರ ಆರಕ್ಕೆ ಆರುತ್ತದೆ.
ನೂರಾ ಹನ್ನೆರಡು ಪುಟ ದಾಟಿಸಿದ್ದೇನೆ ಹೊಸದಕ್ಕೆ,
ಕರೆಂಟು ಹೋಗಿ ಬರುವ ನಡುವೆ.

ಹುತ್ತರಿ ರಜೆಯ ಸೂಚನೆ ಬಂತು,
ದಾರಿಗೆ ಮರ ಬಿದ್ದು ಮುಂದೆ ಹೋದ ಪರೀಕ್ಷೆಯೂ.
ಹಾಕಿ ತಂಡದ ಚಿತ್ರ ಮಾತ್ರ ಅಡ್ಡ ಮಲಗಿತು
ಗೋಲ್‌ಕೀಪರ್ ಸಮೇತ.

ನುಡಿಯಲ್ಲಿ ಟೈಪಿಸಿದ್ದೆಲ್ಲ
ಯೂನಿಕೋಡಿಗೆ ಬಂದು ಚುಕ್ಕಿ, ಕೊಕ್ಕೆ, ಗೀಟು.
ಆ ಗೀಟುಗಳೊಳಗೆ ಯಾರದೋ ಹೆಸರು.

ಲೈಬ್ರರಿಯ ಮುತ್ತಕ್ಕಿ ಮೇಡಂ ಇಣುಕಿ
ಫೋಟೋ ನೋಡಿದರು:
‘ನಮ್ಮ ಬೊಳ್ಳು ಅಲ್ವಾ? ಹೋಗಿ ಏಳು ವರ್ಷ.’

ಕೈಯಾರೆ ಕೂಡಿಸಿದೆ, ಬ ಕೊಟ್ಟು, ಒತ್ತು ಕೊಟ್ಟು:
ಕುಡಿಯರ ಬೊಳ್ಳು. ಗಂಟೆ.
ವಿಭಾಗ ಆರಿಸದೆ ಉಳಿಸಗೊಡದು ಈ ಹೊಸದು.
ಬೋಧಕ? ಬೋಧಕೇತರ?

ಕರ್ಸರು ಮಿಟುಕುತ್ತ ಕೂತಿದೆ,
ಪಾಠ ಮುಗಿದರೂ
ಗಂಟೆ ಬೀಳದೆ ಏಳಲಾಗದ ಕ್ಲಾಸಿನ ಹಾಗೆ.